ಬೆಟ್ಟದ ಶೂ, ಪೇಟೆಯ ಕಾಲು

ಟ್ರೆಕ್ಕಿಂಗ್ ಶೂ ಎಂಬುದು ಕಲ್ಲು, ಬೇರು, ಕೆಸರು, ಇಳಿಜಾರುಗಳ ಮೇಲೆ ಬೆನ್ನಿಗೆ ಭಾರ ಹೊತ್ತು ನಡೆಯುವವರಿಗಾಗಿ ಮಾಡಿದ ಪಾದರಕ್ಷೆ. ಅದರ ಹೊರಮೈಗೂ ಒಳಬಟ್ಟೆಗೂ ನಡುವೆ ನೀರು ತಡೆಯುವ ತೆಳುಪದರ ಕೂರಿಸಿದರೆ ಅದು ವಾಟರ್‌ಪ್ರೂಫ್ ಟ್ರೆಕ್ಕಿಂಗ್ ಶೂ. ಬೆಟ್ಟಕ್ಕೆಂದು ಹುಟ್ಟಿದ ಈ ವಸ್ತು ಈಗ ಬೆಟ್ಟಕ್ಕಿಂತ ಹೆಚ್ಚಾಗಿ ಕಣ್ಣಿಗೆ ಬೀಳುವುದು ಊರೊಳಗೆ: ಬೆಂಗಳೂರಿನ ಮೆಟ್ರೊದಲ್ಲಿ, ಕಾಲೇಜಿನ ಮೆಟ್ಟಿಲುಗಳ ಮೇಲೆ, ತರಕಾರಿ ಸಂತೆಯಲ್ಲಿ, ಬೈಕಿನ ಗೇರಿನ ಕೆಳಗೆ.

ಇದಕ್ಕೆ ಕಾರಣ ಹುಡುಕಿ ದೂರ ಹೋಗಬೇಕಿಲ್ಲ. ವರ್ಷಕ್ಕೊಮ್ಮೆ ಕುಮಾರಪರ್ವತಕ್ಕೋ ಕುದುರೆಮುಖಕ್ಕೋ ಹೋಗಲೆಂದು ಸಾವಿರಾರು ರೂಪಾಯಿ ಕೊಟ್ಟು ತಂದ ಶೂ ಉಳಿದ ದಿನಗಳೆಲ್ಲ ಗೂಡಿನಲ್ಲಿ ಕೂತಿದ್ದರೆ ಯಾವ ಸಂಸಾರಸ್ಥನಿಗೂ ಸಮಾಧಾನವಿರುವುದಿಲ್ಲ. ದುಡ್ಡು ವಸೂಲಾಗಬೇಕು. ಜೊತೆಗೆ ಇನ್ನೊಂದು ಲೆಕ್ಕಾಚಾರವೂ ಇದೆ: ಬೆಟ್ಟದ ಬಂಡೆಗೆ ಜಗ್ಗದ್ದು ಪೇಟೆಯ ಫುಟ್‌ಪಾತಿಗೆ ಜಗ್ಗೀತೇ? ಈ ಲೆಕ್ಕಾಚಾರ ಅರ್ಧ ಸರಿ. ಬೆಟ್ಟದಲ್ಲಿ ಈ ಶೂವನ್ನು ಸವೆಸುವ ಸಂಗತಿಗಳು ಬೇರೆ, ಊರಿನಲ್ಲಿ ಸವೆಸುವ ಸಂಗತಿಗಳು ಬೇರೆ. ನೀರು ತಡೆಯುವ ಗುಣವೂ ಚಳಿದೇಶದಲ್ಲಿ ಕೊಡುವ ಸುಖವನ್ನು ಆಗುಂಬೆಯ ಆಷಾಢದಲ್ಲಿ ಅಷ್ಟೇ ಪ್ರಮಾಣದಲ್ಲಿ ಕೊಡುವುದಿಲ್ಲ.

ಶೂವಿನ ಮೇಲ್ಭಾಗ ಮೂರು ಬಗೆಯದು: ದಪ್ಪ ತೊಗಲು, ಉಜ್ಜಿ ಮೃದುಮಾಡಿದ ತೊಗಲು, ಇಲ್ಲವೇ ನೈಲಾನ್ ಅಥವಾ ಪಾಲಿಯೆಸ್ಟರ್ ನೇಯ್ಗೆ. ಅದರ ಒಳಗೆ ಕಾಲುಚೀಲದ ಆಕಾರದಲ್ಲೇ ಹೊಲಿದ ನೀರುತಡೆ ಪದರವಿರುತ್ತದೆ. ಹೊಲಿಗೆಯ ಸೂಜಿ ಮಾಡಿದ ತೂತುಗಳನ್ನು ಒಳಗಿನಿಂದ ಅಂಟುಪಟ್ಟಿ ಹಾಕಿ ಮುಚ್ಚಿರುತ್ತಾರೆ. ಒಂದೇ ಒಂದು ತೂತು ಉಳಿದರೂ ಇಡೀ ಪದರ ಇದ್ದೂ ಇಲ್ಲದಂತೆ. ದಾರದ ಕೆಳಗಿನ ನಾಲಗೆಯನ್ನು ಸಾಮಾನ್ಯ ಶೂಗಳಲ್ಲಿ ಬುಡದಲ್ಲಿ ಮಾತ್ರ ಹೊಲಿದಿರುತ್ತಾರೆ. ಇದರಲ್ಲಿ ಹಾಗಲ್ಲ. ನಾಲಗೆಯ ಎರಡೂ ಬದಿಗೆ ಮಡಿಕೆ ಬಟ್ಟೆ ಕೊಟ್ಟು ಮೇಲಿನವರೆಗೆ ಸೇರಿಸಿರುತ್ತಾರೆ. ನೀರು, ಮರಳು, ಹುಲ್ಲಿನ ಮುಳ್ಳು ಒಳನುಗ್ಗದಿರಲು ಈ ಮಡಿಕೆಯೇ ಕಾವಲು. ಕೊಳ್ಳುವಾಗ ಬಹಳ ಮಂದಿ ಅಟ್ಟೆಯನ್ನು ತಿರುಗಿಸಿ ನೋಡುತ್ತಾರೆ. ನಾಲಗೆಯನ್ನು ಎತ್ತಿ ನೋಡುವವರು ಕಡಿಮೆ.

ಪಾದದ ಕೆಳಗೆ ಮೂರು ಹಾಸುಗಳು. ತೆಗೆದು ತೊಳೆಯಬಹುದಾದ ಒಳಹಾಸು ಮೇಲೆ. ಅದರ ಕೆಳಗೆ ಅದುರು ನುಂಗುವ ನಡುಹಾಸು. ನೆಲಕ್ಕೆ ತಾಗುವುದು ರಬ್ಬರಿನ ಅಟ್ಟೆ. ನಡುಹಾಸನ್ನು ಈವಿಎ ಎಂಬ ಹಗುರ ಫೋಮಿನಿಂದಲೋ ಪಾಲಿಯೂರಿಥೇನ್ ಎಂಬ ತುಸು ಭಾರದ, ತುಸು ಗಟ್ಟಿಯ ಫೋಮಿನಿಂದಲೋ ಮಾಡುತ್ತಾರೆ. ಈ ಎರಡರಲ್ಲಿ ಯಾವುದು ಎಂಬುದರ ಮೇಲೆ ಶೂವಿನ ಸುಖವೂ ಆಯುಷ್ಯವೂ ನಿಂತಿದೆ. ಬೆಲೆಚೀಟಿಯಲ್ಲಿ ಇದನ್ನು ದಪ್ಪ ಅಕ್ಷರದಲ್ಲಿ ಯಾರೂ ಅಚ್ಚುಹಾಕುವುದಿಲ್ಲ.

ನೀರು ತಡೆಯುವ ಪಾದರಕ್ಷೆಯ ಕಥೆ ಅಮೆಜಾನ್ ಕಾಡಿನಿಂದ ಶುರುವಾಗುತ್ತದೆ. ಅಲ್ಲಿನ ಮೂಲನಿವಾಸಿಗಳು ರಬ್ಬರ್ ಮರದ ಹಾಲನ್ನು ಅಚ್ಚಿನ ಮೇಲೆ ಸುರಿದು, ಹೊಗೆಗೆ ಹಿಡಿದು ಗಟ್ಟಿ ಮಾಡಿ ತೊಡುತ್ತಿದ್ದರು. 1820ರ ದಶಕದಲ್ಲಿ ಬ್ರೆಜಿಲ್‌ನಿಂದ ಇಂಥ ರಬ್ಬರ್ ಶೂಗಳು ಹಡಗೇರಿ ಅಮೆರಿಕದ ಬಾಸ್ಟನ್ ತಲುಪಿದವು. ಅವು ಸೆಕೆಗೆ ಅಂಟಂಟಾಗಿ, ಚಳಿಗೆ ಸೆಟೆದು ಬಿರಿಯುತ್ತಿದ್ದವು. 1839ರಲ್ಲಿ ಚಾರ್ಲ್ಸ್ ಗುಡ್‌ಇಯರ್ ರಬ್ಬರಿಗೆ ಗಂಧಕ ಸೇರಿಸಿ ಕಾಯಿಸಿದರೆ ಈ ಎರಡೂ ದೋಷ ಹೋಗುತ್ತವೆಂದು ಕಂಡುಕೊಂಡ; 1844ರಲ್ಲಿ ಪೇಟೆಂಟ್ ಪಡೆದ. ಹೈರಮ್ ಹಚಿನ್ಸನ್ ಎಂಬ ಅಮೆರಿಕದ ಉದ್ಯಮಿ 1853ರಲ್ಲಿ ಫ್ರಾನ್ಸಿನಲ್ಲಿ ರಬ್ಬರ್ ಬೂಟುಗಳ ಕಾರ್ಖಾನೆ ಹಾಕಿದ. ನಮ್ಮ ಅಡಿಕೆ ತೋಟ, ಕಾಫಿ ತೋಟಗಳಲ್ಲಿ ಮೊಣಕಾಲವರೆಗೆ ಏರಿ ನಿಲ್ಲುವ ಗಂಬೂಟು ಅದೇ ವಂಶದ್ದು. ನೀರು ತಡೆಯುವುದರಲ್ಲಿ ಗಂಬೂಟನ್ನು ಮೀರಿಸುವ ಪಾದರಕ್ಷೆ ಇವತ್ತಿಗೂ ಹುಟ್ಟಿಲ್ಲ. ಆದರೆ ಅದನ್ನು ತೊಟ್ಟು ಮಧ್ಯಾಹ್ನದವರೆಗೆ ದುಡಿದವರ ಕಾಲನ್ನು ನೋಡಿದರೆ ಅದರ ಕೊರತೆಯೂ ಗೊತ್ತಾಗುತ್ತದೆ. ಹೊರಗಿನ ನೀರು ಒಳಗೆ ಬಂದಿರುವುದಿಲ್ಲ, ಒಳಗಿನ ಬೆವರು ಹೊರಗೆ ಹೋಗಿರುವುದಿಲ್ಲ.

ಅಟ್ಟೆಯ ಕಥೆ ಇಟಲಿಯದು. ಮಿಲಾನಿನ ಪರ್ವತಾರೋಹಿ ವಿಟಾಲೆ ಬ್ರಮಾನಿ 1935ರಲ್ಲಿ ಆಲ್ಪ್ಸ್ ಪರ್ವತದ ಪುಂಟಾ ರಸಿಕಾ ಶಿಖರಕ್ಕೆ ಕರೆದೊಯ್ದ ತಂಡ ಹಿಮಗಾಳಿಗೆ ಸಿಕ್ಕಿ ಆರು ಮಂದಿ ಸತ್ತರು. ಅಂದಿನ ರೂಢಿಯಂತೆ ಬಂಡೆ ಏರಲು ಒಂದು ಹಗುರ ಜೋಡು, ನಡೆಯಲು ಮೊಳೆ ಹೊಡೆದ ಭಾರದ ಜೋಡು ಇರುತ್ತಿತ್ತು; ಹಗುರದ್ದು ಹಿಮಕ್ಕೆ ಆಗುತ್ತಿರಲಿಲ್ಲ, ಭಾರದ್ದು ಬಂಡೆಗೆ ಆಗುತ್ತಿರಲಿಲ್ಲ. ಎರಡಕ್ಕೂ ಒದಗುವ ಅಟ್ಟೆ ಬೇಕೆಂದು ಬ್ರಮಾನಿ ಹಠ ಹಿಡಿದು, ಟೈರ್ ಕಂಪನಿ ಪಿರೆಲ್ಲಿಯ ನೆರವಿನಿಂದ 1937ರಲ್ಲಿ ಆಳವಾದ ಹಲ್ಲುಗಳ ರಬ್ಬರ್ ಅಟ್ಟೆ ತಂದ. ಅವನ ಹೆಸರಿನ ಮೊದಲಕ್ಷರಗಳಿಂದಲೇ ವಿಬ್ರಾಮ್ ಎಂಬ ಮುದ್ರೆ ಬಂತು. 1954ರಲ್ಲಿ ಕೆ-2 ಶಿಖರವನ್ನು ಮೊದಲು ಮುಟ್ಟಿದ ಇಟಲಿಯ ತಂಡ ತೊಟ್ಟಿದ್ದೂ ಅದೇ ಅಟ್ಟೆಯ ಬೂಟುಗಳನ್ನು.

ಮೂರನೆಯ ಎಳೆ ಅಡುಗೆಮನೆಯ ದೋಸೆ ಕಾವಲಿಗೆ ಹತ್ತಿರದ್ದು. ಡುಪಾಂಟ್ ಕಂಪನಿಯ ರಾಯ್ ಪ್ಲಂಕೆಟ್ 1938ರಲ್ಲಿ ಅಕಸ್ಮಾತ್ತಾಗಿ ಕಂಡುಹಿಡಿದ ಪಿಟಿಎಫ್‌ಇ ಎಂಬ ವಸ್ತುವೇ ನಾನ್‌ಸ್ಟಿಕ್ ಕಾವಲಿಯ ಟೆಫ್ಲಾನ್. 1969ರಲ್ಲಿ ಬಾಬ್ ಗೋರ್ ಎಂಬ ಅಮೆರಿಕದ ತಂತ್ರಜ್ಞ ಕಾಯಿಸಿದ ಪಿಟಿಎಫ್‌ಇ ಸರಳನ್ನು ನಿಧಾನವಾಗಿ ಎಳೆದು ನೋಡಿ ಸೋತು, ಕೊನೆಗೆ ರೇಗಿ ಥಟ್ಟನೆ ಜಗ್ಗಿದ. ಮುರಿಯಬೇಕಿದ್ದ ಸರಳು ಕೈಚಾಚುವಷ್ಟು ಉದ್ದಕ್ಕೆ ಹಿಗ್ಗಿತು. ಹಿಗ್ಗಿದ ಮೈಯಲ್ಲಿ ಕಣ್ಣಿಗೆ ಕಾಣದ ರಂಧ್ರಗಳ ಜಾಲ. ಒಂದು ಚದರ ಇಂಚಿಗೆ ಸುಮಾರು 900 ಕೋಟಿ ರಂಧ್ರಗಳು ಎಂಬುದು ಗೋರ್ ಕಂಪನಿಯದೇ ಲೆಕ್ಕ. ಒಂದೊಂದೂ ನೀರಿನ ಹನಿಗಿಂತ ಸಾವಿರಾರು ಪಟ್ಟು ಚಿಕ್ಕದು, ಆವಿಯ ಕಣಕ್ಕಿಂತ ನೂರಾರು ಪಟ್ಟು ದೊಡ್ಡದು. ಹನಿ ಒಳಬಾರದು, ಆವಿ ಹೊರಹೋಗುತ್ತದೆ. ಗೋರ್‌ಟೆಕ್ಸ್ ಎಂಬ ಹೆಸರಿನಲ್ಲಿ 1976ರಲ್ಲಿ ಮಾರುಕಟ್ಟೆಗೆ ಬಂದ ಈ ಬಟ್ಟೆ ಮೊದಲು ಜಾಕೆಟ್ಟಿಗೂ ಡೇರೆಗೂ, ಬಳಿಕ ಶೂಗೂ ಸೇರಿತು. ಈಗ ಅದೇ ತತ್ವದ ಪದರಗಳನ್ನು ಬೇರೆ ಬೇರೆ ಕಂಪನಿಗಳು ಬೇರೆ ಬೇರೆ ಹೆಸರಿನಲ್ಲಿ ಮಾಡುತ್ತವೆ. ಫ್ಲೋರಿನ್ ಸೇರಿದ ಇಂಥ ರಾಸಾಯನಿಕಗಳು ಮಣ್ಣು ನೀರಿನಲ್ಲಿ ನಶಿಸದೆ ಉಳಿಯುತ್ತವೆ ಎಂಬ ದೂರು ಬಲವಾದ ಮೇಲೆ, 2022ರಿಂದ ಗೋರ್ ಕಂಪನಿಯೂ ಪಾಲಿಥೀನಿನಿಂದ ಮಾಡಿದ ಪದರವನ್ನು ಬಳಕೆಗೆ ತಂದಿದೆ.

ಈ ಪದರ ಉಸಿರಾಡುತ್ತದೆ ಎಂದು ಜಾಹೀರಾತು ಹೇಳುತ್ತದೆ. ಪದರಕ್ಕೆ ಶ್ವಾಸಕೋಶವಿಲ್ಲ. ಒಳಗಿನ ಆವಿಯ ಒತ್ತಡ ಹೊರಗಿನದಕ್ಕಿಂತ ಹೆಚ್ಚಿದ್ದಾಗ ಆವಿ ತಾನಾಗಿ ಹೊರಕ್ಕೆ ನುಸುಳುತ್ತದೆ. ವ್ಯತ್ಯಾಸ ಕಡಿಮೆಯಾದಷ್ಟೂ ನುಸುಳುವುದು ಕಡಿಮೆ. ಇಲ್ಲಿ ಸ್ವಲ್ಪ ಲೆಕ್ಕ ಹಾಕಿದರೆ ಸಂಗತಿ ಸ್ಪಷ್ಟವಾಗುತ್ತದೆ. ಶೂವಿನೊಳಗೆ 33 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಗಾಳಿ ಪೂರ್ತಿ ತೇವಗೊಂಡಿದ್ದರೆ ಆವಿಯ ಒತ್ತಡ ಪಾದರಸದ ಅಳತೆಯಲ್ಲಿ ಸುಮಾರು 38 ಮಿಲಿಮೀಟರ್. ಹೊರಗೆ 10 ಡಿಗ್ರಿ ಚಳಿ, ಶೇ. 60 ತೇವಾಂಶ ಇರುವ ಯುರೋಪಿನ ಒಂದು ಬೆಳಗು ಎಂದಿಟ್ಟುಕೊಂಡರೆ ಅಲ್ಲಿನ ಒತ್ತಡ ಐದೂವರೆ ಮಿಲಿಮೀಟರ್. ವ್ಯತ್ಯಾಸ 32ಕ್ಕೂ ಮೇಲೆ. ಜುಲೈ ತಿಂಗಳ ಮಂಗಳೂರಿನಲ್ಲಿ 26 ಡಿಗ್ರಿ, ಶೇ. 90 ತೇವಾಂಶವಿದ್ದರೆ ಹೊರಗಿನ ಒತ್ತಡವೇ ಸುಮಾರು 23 ಮಿಲಿಮೀಟರ್. ಉಳಿಯುವ ವ್ಯತ್ಯಾಸ 15. ಅದೇ ಶೂ, ಅದೇ ಪದರ, ಅದೇ ಬೆಲೆ. ಮಂಗಳೂರಿನ ಮಳೆಯಲ್ಲಿ ಅದಕ್ಕೆ ಬೆವರನ್ನು ಹೊರಹಾಕಲು ಸಿಗುವ ಬಲ ಅರ್ಧಕ್ಕಿಂತ ಕಡಿಮೆ.

ಬೆವರಿಗೇನೂ ಬರವಿಲ್ಲ. ಎರಡೂ ಪಾದಗಳಲ್ಲಿ ಸೇರಿ ಸುಮಾರು ಎರಡೂವರೆ ಲಕ್ಷ ಬೆವರಗ್ರಂಥಿಗಳಿವೆ. ಮೈಯ ಬೇರೆಲ್ಲೂ ಇಷ್ಟು ಒತ್ತಾಗಿ ಅವು ಇರುವುದು ವಿರಳ. ಆದ್ದರಿಂದ ಕರಾವಳಿಯಲ್ಲಿ ಇಡೀ ದಿನ ವಾಟರ್‌ಪ್ರೂಫ್ ಶೂ ತೊಟ್ಟವರು ಸಂಜೆ ಕಾಲುಚೀಲ ಕಳಚಿದಾಗ ಅದು ಒದ್ದೆಯಾಗಿದ್ದರೆ ಶೂ ಸೋರುತ್ತಿದೆ ಎಂದು ಅಂಗಡಿಯವರೊಂದಿಗೆ ಜಗಳಕ್ಕಿಳಿಯಬೇಕಿಲ್ಲ. ಬಹಳ ಸಲ ಅದು ಅವರದೇ ನೀರು.

ಹೊರಮೈಯ ಸ್ಥಿತಿಯೂ ಇದರಲ್ಲಿ ಪಾಲು ಕೇಳುತ್ತದೆ. ಹೊಸ ಶೂವಿನ ಮೇಲೆ ನೀರು ಬಿದ್ದರೆ ಕೆಸುವಿನೆಲೆಯ ಮೇಲಿನಂತೆ ಮುತ್ತಾಗಿ ಉರುಳುತ್ತದೆ. ಹೊರಬಟ್ಟೆಗೆ ಹಚ್ಚಿರುವ ನೀರೊಲ್ಲದ ಲೇಪ ಅದಕ್ಕೆ ಕಾರಣ. ಧೂಳು, ಕೆಸರು, ಉಜ್ಜಾಟಗಳಿಗೆ ಈ ಲೇಪ ಕೆಲವು ತಿಂಗಳಲ್ಲೇ ಸವೆಯುತ್ತದೆ. ಆಮೇಲೆ ಹೊರಬಟ್ಟೆ ನೀರು ಕುಡಿದು ತೂಗತೊಡಗುತ್ತದೆ. ಒಳಗಿನ ಪದರ ಆಗಲೂ ನೀರನ್ನು ತಡೆದೇ ಇರುತ್ತದೆ, ಆದರೆ ಅದರ ಹೊರಬದಿಗೆ ಒದ್ದೆ ಬಟ್ಟೆ ಅಂಟಿಕೊಂಡಿರುವುದರಿಂದ ಬೆವರಿನ ಆವಿಗೆ ದಾರಿ ಮುಚ್ಚುತ್ತದೆ. ಲೇಪವನ್ನು ಮತ್ತೆ ಹಚ್ಚುವ ಸ್ಪ್ರೇ ಡಬ್ಬಿಗಳು ಸಿಗುತ್ತವೆ. ಶೂ ಮಾರುವ ಅಂಗಡಿಗಳಲ್ಲಿ ಅವು ಇದ್ದರೂ ಕೇಳಿ ಕೊಳ್ಳುವವರು ವಿರಳ.

ಇನ್ನು ಮೇಲಿನಿಂದ ಬರುವ ನೀರು. ಶೂವಿಗೆ ಎಷ್ಟೇ ಒಳ್ಳೆಯ ಪದರವಿರಲಿ, ಕಾಲು ತೂರಿಸಲು ಒಂದು ಬಾಯಿ ಇದ್ದೇ ಇರಬೇಕು. ಬೆಂಗಳೂರಿನಲ್ಲಿ ಒಂದು ಗಂಟೆ ಜಡಿಮಳೆ ಹೊಡೆದರೆ ಕೆಳಸೇತುವೆಗಳಲ್ಲಿ ನಿಲ್ಲುವ ನೀರು ಮೊಣಕಾಲ ಲೆಕ್ಕದ್ದು, ಗಿಡ್ಡ ಶೂವಿನ ಬಾಯಿ ಗೇಣು ಎತ್ತರವೂ ಇಲ್ಲ. ಪ್ಯಾಂಟಿನಿಂದ ಇಳಿದ ನೀರು ಕಾಲುಚೀಲ ಹಿಡಿದು ಒಳಗೆ ಜಾರುತ್ತದೆ. ಸಡಿಲ ಕಲ್ಲುಚಪ್ಪಡಿಯ ಫುಟ್‌ಪಾತಿನಲ್ಲಿ ಒಂದು ತುದಿ ಮೆಟ್ಟಿದರೆ ಇನ್ನೊಂದು ತುದಿಯಿಂದ ಚಿಮ್ಮುವ ರಾಡಿ ನೇರ ಕಣಕಾಲಿಗೇ ಗುರಿ. ಹೀಗೆ ಒಳಸೇರಿದ ನೀರಿಗೆ ಹೊರಬರಲು ದಾರಿಯಿಲ್ಲ, ಏಕೆಂದರೆ ಪದರಕ್ಕೆ ಒಳಗಿನ ನೀರು ಯಾವುದು ಹೊರಗಿನ ನೀರು ಯಾವುದು ಎಂಬ ಭೇದ ಗೊತ್ತಿಲ್ಲ. ಅದು ಎರಡನ್ನೂ ತಡೆಯುತ್ತದೆ. ಸಾಧಾರಣ ಜಾಲರಿ ಬಟ್ಟೆಯ ಶೂ ಫ್ಯಾನಿನ ಕೆಳಗೆ ಒಂದು ರಾತ್ರಿಯಲ್ಲಿ ಒಣಗುವಲ್ಲಿ, ಒಳಗೆ ಪೂರ್ತಿ ನೆಂದ ವಾಟರ್‌ಪ್ರೂಫ್ ಶೂ ಮಲೆನಾಡಿನ ಮಳೆಗಾಲದಲ್ಲಿ ಎರಡು ಮೂರು ದಿನವಾದರೂ ಆರುವುದಿಲ್ಲ. ನಿತ್ಯ ತೊಡುವವರಿಗೆ ಇದೇ ಎಲ್ಲಕ್ಕಿಂತ ದೊಡ್ಡ ತೊಡಕು. ಬೆಟ್ಟಕ್ಕೆ ಹೋದವರು ಭಾನುವಾರ ಮರಳಿ ಬಂದು ಶೂವನ್ನು ವಾರವಿಡೀ ಒಣಗಲು ಬಿಡಬಹುದು. ನಿತ್ಯ ತೊಡುವವರು ಬೆಳಿಗ್ಗೆ ಒಂಬತ್ತಕ್ಕೆ ಮತ್ತೆ ಅದರೊಳಗೇ ಕಾಲಿಡಬೇಕು.

ಒದ್ದೆ ಕಾಲಿನ ಅಪಾಯ ತಮಾಷೆಯದಲ್ಲ. ಮೊದಲ ಮಹಾಯುದ್ಧದ ಕಂದಕಗಳಲ್ಲಿ ದಿನಗಟ್ಟಲೆ ಕೆಸರಿನಲ್ಲಿ ನಿಂತ ಸೈನಿಕರ ಪಾದಗಳು ಮರಗಟ್ಟಿ ಕೊಳೆತು, 1914-15ರ ಚಳಿಗಾಲದಲ್ಲಿ ಬ್ರಿಟಿಷ್ ಸೇನೆ ಸಾವಿರಾರು ಮಂದಿಯನ್ನು ಕಾಳಗದಿಂದ ಹಿಂದಕ್ಕೆ ಕಳಿಸಬೇಕಾಯಿತು. ಅದಕ್ಕೆ ಸೇನೆ ಕಂಡುಕೊಂಡ ಮುಖ್ಯ ಉಪಾಯ ಹೊಸ ಬೂಟಲ್ಲ, ದಿನಾ ಕಾಲು ಒರೆಸಿ ಒಣ ಕಾಲುಚೀಲ ಬದಲಿಸಬೇಕೆಂಬ ಕಟ್ಟುನಿಟ್ಟು. ನಾಟಿ ಗದ್ದೆಯಲ್ಲಿ ದುಡಿಯುವವರ ಬೆರಳ ಸಂದಿನಲ್ಲಿ ಏಳುವ ಕೆಸರುಹುಣ್ಣೂ, ಆಫೀಸಿಗೆ ಒದ್ದೆ ಶೂ ತೊಟ್ಟು ಹೋಗುವವರ ಬೆರಳ ಸಂದಿನ ತುರಿಕೆಯೂ ತೇವ ತಂದ ತೊಂದರೆಗಳೇ. ಹತ್ತಿಯ ಕಾಲುಚೀಲ ಬೆವರನ್ನು ಹೀರಿ ಹಿಡಿದಿಟ್ಟುಕೊಳ್ಳುವುದರಿಂದ ಈ ಶೂಗಳಿಗೆ ಅದು ಒಗ್ಗುವುದಿಲ್ಲ. ಉಣ್ಣೆ ಅಥವಾ ಪಾಲಿಯೆಸ್ಟರ್ ಬೆರೆತದ್ದು ಬೆವರನ್ನು ಚರ್ಮದಿಂದ ಆಚೆಗೆ ಒಯ್ಯುತ್ತದೆ. ಚೀಲದಲ್ಲಿ ಇನ್ನೊಂದು ಜೊತೆ ಒಣ ಕಾಲುಚೀಲ ಇಟ್ಟುಕೊಂಡವರಿಗೆ ಶೂವಿನ ಬೆಲೆ ಅಷ್ಟು ಮುಖ್ಯವಾಗುವುದಿಲ್ಲ.

ಸುಖದ ಮಾತಿಗೆ ಬಂದರೆ ಮೊದಲು ನೋಡಬೇಕಾದದ್ದು ಅಗಲ. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ 2021ರ ಡಿಸೆಂಬರಿನಿಂದ 2022ರ ಮಾರ್ಚ್ ತನಕ ದೇಶದಾದ್ಯಂತ ಒಂದು ಲಕ್ಷಕ್ಕೂ ಹೆಚ್ಚು ಮಂದಿಯ ಪಾದಗಳನ್ನು ಅಳೆದು, ಭಾರತೀಯರ ಪಾದ ಯುರೋಪಿನವರದಕ್ಕಿಂತ ಅಗಲ ಎಂದು ಕಂಡುಕೊಂಡಿತು. ಅದರ ಆಧಾರದ ಮೇಲೆ ‘ಭಾ’ ಎಂಬ ದೇಶೀ ಅಳತೆಯನ್ನು ಸೂಚಿಸಿದೆ. ಹೊರದೇಶದ ಅಚ್ಚಿನ ಮೇಲೆ ಮಾಡಿದ ಶೂವಿನಲ್ಲಿ ಕಿರುಬೆರಳು ನಲುಗುತ್ತದೆ ಎಂದು ಇಲ್ಲಿಯವರು ಉದ್ದಕ್ಕೆ ಒಂದು ನಂಬರು ದೊಡ್ಡದು ಕೊಳ್ಳುತ್ತಾರೆ. ಆಗ ಅಗಲ ಸರಿಯಾದರೂ ಹಿಮ್ಮಡಿ ಒಳಗೆ ಆಡತೊಡಗಿ ಬೊಬ್ಬೆ ಏಳುತ್ತದೆ. ನೀರುತಡೆ ಪದರವಿರುವ ಶೂ ಜಾಲರಿಯ ಶೂವಿನಷ್ಟು ಹಿಗ್ಗುವುದೂ ಇಲ್ಲ. ಆದ್ದರಿಂದ, ಪಾದ ತುಸು ಊದಿಕೊಂಡಿರುವ ಸಂಜೆ ಹೊತ್ತಿನಲ್ಲಿ, ನಿತ್ಯ ತೊಡುವ ಕಾಲುಚೀಲದೊಂದಿಗೇ ತೊಟ್ಟು ನೋಡಬೇಕು. ಹೆಬ್ಬೆರಳ ಮುಂದೆ ಬೆರಳಗಲ ಜಾಗ ಉಳಿಯಬೇಕು. ‘ತೊಟ್ಟ ಮೇಲೆ ಸಡಿಲವಾಗುತ್ತದೆ ಸಾರ್’ ಎಂಬ ಅಂಗಡಿಯವರ ಭರವಸೆ ತೊಗಲಿನ ಚಪ್ಪಲಿಗೆ ನಿಜ, ಇದಕ್ಕೆ ಅಲ್ಲ.

ತೂಕ ಎರಡನೆಯದು. ಕಾಲಿಗೆ ಕಟ್ಟಿದ ಭಾರ ಬೆನ್ನಿಗೆ ಕಟ್ಟಿದ ಭಾರಕ್ಕಿಂತ ಎಷ್ಟೋ ಪಟ್ಟು ದಣಿಸುತ್ತದೆ, ಏಕೆಂದರೆ ಪ್ರತಿ ಹೆಜ್ಜೆಗೂ ಅದನ್ನು ಎತ್ತಿ, ಬೀಸಿ, ನಿಲ್ಲಿಸಬೇಕು. ಕಾಲಿನ ಗಂಟು ಮುಚ್ಚುವ ಎತ್ತರದ ತೊಗಲಿನ ಬೂಟು ಒಂದೊಂದೂ ಅರ್ಧ ಕಿಲೋಗಿಂತ ಹೆಚ್ಚು ತೂಗಬಹುದು. ಬೆನ್ನಿಗೆ ಹದಿನೈದು ಕಿಲೋ ಹೊತ್ತು ಬಂಡೆ ಇಳಿಯುವವರಿಗೆ ಆ ಬಿಗಿತ ಬೇಕು. ಲ್ಯಾಪ್‌ಟಾಪ್ ಚೀಲ ಹೊತ್ತು ಬಸ್ ಸ್ಟಾಪಿಗೆ ನಡೆಯುವವರಿಗೆ ಅದು ದಂಡ. ಬಾಗದ ಗಟ್ಟಿ ಅಟ್ಟೆ ಕಲ್ಲಿನ ಮೊನೆಯಿಂದ ಪಾದವನ್ನು ಕಾಯುತ್ತದೆ, ಸಮನೆಲದ ಮೇಲೆ ಮಾತ್ರ ಹೆಜ್ಜೆ ಸಹಜವಾಗಿ ಉರುಳಲು ಬಿಡುವುದಿಲ್ಲ. ನಿತ್ಯಕ್ಕೆಂದು ಕೊಳ್ಳುವವರು ಗಿಡ್ಡ ಕತ್ತಿನ, ಮುಂಗಾಲ ಬಳಿ ಕೈಯಲ್ಲಿ ಹಿಡಿದು ಬಗ್ಗಿಸಿದರೆ ಬಾಗುವ ಶೂ ಆರಿಸುವುದು ಲೇಸು.

ಮೂರನೆಯ ಸಂಗತಿ ಪರದೇಶದ ಶೂ ವಿಮರ್ಶೆಗಳಲ್ಲಿ ಸಾಮಾನ್ಯವಾಗಿ ಸಿಗದು: ಹೊಸ್ತಿಲು. ಈ ನಾಡಿನಲ್ಲಿ ಮನೆಯ ಬಾಗಿಲು, ದೇವಸ್ಥಾನ, ನೆಂಟರ ಜಗುಲಿ, ಕೆಲವು ದವಾಖಾನೆ, ಹಳ್ಳಿ ಶಾಲೆಯ ಮೆಟ್ಟಿಲು, ಹೀಗೆ ದಿನಕ್ಕೆ ಹಲವು ಸಲ ಪಾದರಕ್ಷೆ ಕಳಚಬೇಕು. ಎಂಟು ಕೊಂಡಿಗಳಲ್ಲಿ ದಾರ ಸುತ್ತಿ ಎರಡು ಗಂಟು ಬಿಗಿದ ಬೂಟು ತೊಟ್ಟವರು ಹೊಸ್ತಿಲಲ್ಲಿ ಒಂಟಿಕಾಲಲ್ಲಿ ಕುಣಿಯುತ್ತಿದ್ದರೆ, ಚಪ್ಪಲಿಯವರು ಆಗಲೇ ಒಳಗೆ ಕೂತು ಅರ್ಧ ಲೋಟ ಕಾಫಿ ಕುಡಿದಿರುತ್ತಾರೆ. ಬೇಸತ್ತು ದಾರ ಬಿಚ್ಚದೆಯೇ ಹಿಮ್ಮಡಿ ತುಳಿದು ಕಾಲು ತೂರಿಸುವ ಅಭ್ಯಾಸ ಶುರುವಾಗುತ್ತದೆ. ಹಿಂಬದಿಯ ಗಟ್ಟಿ ಬಟ್ಟಲು ಕುಸಿಯುತ್ತದೆ, ಅಲ್ಲಿನ ಒಳಬಟ್ಟೆ ಹರಿಯುತ್ತದೆ, ಅದರ ಹಿಂದಿನ ಪದರಕ್ಕೂ ತೂತು ಬೀಳುತ್ತದೆ. ಕಂಪನಿಯ ಪ್ರಯೋಗಾಲಯದಲ್ಲಿ ಈ ಪರೀಕ್ಷೆ ನಡೆಯುತ್ತದೋ ಇಲ್ಲವೋ, ಕರ್ನಾಟಕದ ಜಗುಲಿಗಳಲ್ಲಿ ದಿನಾ ನಡೆಯುತ್ತದೆ. ಎಳೆದರೆ ಬಿಗಿಯುವ, ಒತ್ತಿದರೆ ಸಡಿಲವಾಗುವ ದಾರವಿರುವ ಶೂಗಳು ಇಲ್ಲಿಗೆ ಹೆಚ್ಚು ಹೊಂದುತ್ತವೆ.

ಹಿಡಿತದ ವಿಷಯದಲ್ಲಿ ಒಂದು ತಪ್ಪು ನಂಬಿಕೆ ಇದೆ. ಅಟ್ಟೆಯ ಹಲ್ಲು ಆಳವಾದಷ್ಟೂ ಜಾರುವುದಿಲ್ಲ ಎಂಬುದು ಕೆಸರು, ಸಡಿಲ ಮಣ್ಣುಗಳ ಮಟ್ಟಿಗೆ ನಿಜ. ಹಲ್ಲು ಅಲ್ಲಿ ನೆಲದೊಳಗೆ ಇಳಿದು ಕಚ್ಚುತ್ತದೆ. ಒದ್ದೆಯಾದ ನುಣುಪು ಗ್ರಾನೈಟ್, ಹೊಳಪಿನ ಟೈಲ್ಸ್, ಪಾಚಿ ಕಟ್ಟಿದ ಅಂಗಳದ ಕಲ್ಲು ಇವುಗಳ ಮೇಲೆ ಕಚ್ಚಲು ಏನೂ ಇಲ್ಲ. ಅಲ್ಲಿ ಕೆಲಸ ಮಾಡುವುದು ರಬ್ಬರಿನ ಮೃದುತನ ಮತ್ತು ನೆಲಕ್ಕೆ ತಾಗುವ ಅಗಲ. ಗಡಸು ರಬ್ಬರಿನ, ದೂರ ದೂರ ಹಲ್ಲುಗಳ ಅಟ್ಟೆ ಮಾಲ್‌ನ ಒದ್ದೆ ನೆಲದಲ್ಲಿ ಹವಾಯಿ ಚಪ್ಪಲಿಯಷ್ಟೇ ಸಲೀಸಾಗಿ ಜಾರೀತು. ಮೃದು ರಬ್ಬರು ಜಾರದು, ಆದರೆ ಬೇಗ ಸವೆಯುತ್ತದೆ. ಎರಡೂ ಗುಣ ಒಟ್ಟಿಗೆ ಬೇಕೆಂದರೆ ಬೆಲೆ ಏರುತ್ತದೆ, ಆಗಲೂ ಪೂರ್ತಿ ಸಿಗುವುದಿಲ್ಲ.

ಬಾಳಿಕೆಯನ್ನು ವರ್ಷಗಳಲ್ಲಿ ಹೇಳುವುದಕ್ಕಿಂತ ದೂರದಲ್ಲಿ ಹೇಳುವುದು ಸರಿ. ಇಂಥ ಶೂಗಳಿಗೆ ಸಾಮಾನ್ಯವಾಗಿ ಹೇಳುವ ಅಂದಾಜು 800ರಿಂದ 1,500 ಕಿಲೋಮೀಟರ್. ವರ್ಷಕ್ಕೆ ನಾಲ್ಕು ಸಲ, ಸಲಕ್ಕೆ 25 ಕಿಲೋಮೀಟರ್ ಬೆಟ್ಟ ನಡೆಯುವವರಿಗೆ ಅದು ಎಂಟು ಹತ್ತು ವರ್ಷದ ಸರಕು. ದಿನಕ್ಕೆ ಐದು ಕಿಲೋಮೀಟರಿನಂತೆ ವರ್ಷದಲ್ಲಿ ಮುನ್ನೂರು ದಿನ ನಡೆಯುವವರು ಒಂದೇ ವರ್ಷದಲ್ಲಿ 1,500 ಮುಟ್ಟುತ್ತಾರೆ. ಅದೂ ಕಾಂಕ್ರೀಟು, ಡಾಂಬರುಗಳ ಮೇಲೆ. ಕಾಡಿನ ಮಣ್ಣು ಹೆಜ್ಜೆಗೆ ತುಸು ಕುಸಿದು ಕೊಡುತ್ತದೆ. ಡಾಂಬರು ಅರದಂತೆ ಉಜ್ಜುತ್ತದೆ. ‘ಬೆಟ್ಟಕ್ಕೆ ಮಾಡಿದ್ದು, ಒಂದು ವರ್ಷಕ್ಕೇ ಹೋಯಿತು’ ಎಂದು ದೂರುವವರು ಈ ಗುಣಾಕಾರ ಮಾಡಿ ನೋಡಿರುವುದಿಲ್ಲ.

ನಿತ್ಯ ಬಳಕೆಯಲ್ಲಿ ಮೊದಲು ಸೋಲುವ ಜಾಗಗಳು ಗೊತ್ತುಪಡಿಸಿದಂತಿವೆ. ಬೆರಳುಗಳು ಬಾಗುವಲ್ಲಿ ಮೇಲ್ಮೈ ಸಾವಿರಾರು ಸಲ ಮಡಿಚಿ, ಕಿರುಬೆರಳ ಬದಿಯಲ್ಲಿ ಬಿರುಕು ಬಿಡುತ್ತದೆ. ಒಳಗಿನ ಪದರವೂ ಅಲ್ಲೇ ಸೀಳುತ್ತದೆ. ಕಾಲುಚೀಲಕ್ಕೆ ಅಂಟಿ ಒಳಬರುವ ಮರಳಿನ ಕಾಳು, ಕತ್ತರಿಸದ ಉಗುರು ಇವೆರಡೂ ಪದರವನ್ನು ಒಳಗಿನಿಂದಲೇ ಕೆರೆಯುತ್ತವೆ. ಬೈಕ್ ಸವಾರರ ಎಡಗಾಲಿನ ಶೂವಿಗಂತೂ ಬೇರೆಯೇ ಹಣೆಬರಹ: ಗೇರು ಮೇಲಕ್ಕೆತ್ತುವ ಪ್ರತಿ ಸಲವೂ ಹೆಬ್ಬೆರಳ ಮೇಲಿನ ಬಟ್ಟೆ ಕಬ್ಬಿಣಕ್ಕೆ ತಿಕ್ಕುತ್ತದೆ. ಟ್ರಾಫಿಕ್ಕಿನಲ್ಲಿ ಒಂದು ದಿನಕ್ಕೆ ಎಷ್ಟು ಸಲ ಎಂಬುದನ್ನು ಸವಾರರೇ ಬಲ್ಲರು. ಬಲಗಾಲಿನದು ಹೊಸತರಂತಿರುವಾಗಲೇ ಎಡಗಾಲಿನದು ಹರಿದು ಜೋಡಿ ಮೂಲೆ ಸೇರುತ್ತದೆ. ಅಂಥವರು ಮುಂಭಾಗಕ್ಕೆ ರಬ್ಬರಿನ ಕಟ್ಟು ಎತ್ತರವಾಗಿ ಹತ್ತಿರುವ ಶೂ ಆರಿಸಬೇಕು, ಇಲ್ಲವೇ ಗೇರು ಕಡ್ಡಿಗೆ ರಬ್ಬರ್ ಕೊಳವೆ ಹಾಕಬೇಕು. ಇಪ್ಪತ್ತು ರೂಪಾಯಿಯ ಕೊಳವೆ ಆರು ಸಾವಿರದ ಶೂವನ್ನು ಉಳಿಸುತ್ತದೆ.

ಅಟ್ಟೆ ಬಾಯಿ ಬಿಡುವುದು ಇನ್ನೊಂದು ಸಾಮಾನ್ಯ ಕಾಯಿಲೆ. ಈಗಿನ ಹೆಚ್ಚಿನ ಟ್ರೆಕ್ಕಿಂಗ್ ಶೂಗಳಲ್ಲಿ ಅಟ್ಟೆಯನ್ನು ಹೊಲಿಯುವುದಿಲ್ಲ, ಅಂಟಿಸುತ್ತಾರೆ. ಬಿಸಿಲು, ತೇವ, ಮತ್ತೆ ಬಿಸಿಲು ಎಂಬ ಚಕ್ರಕ್ಕೆ ಸಿಕ್ಕ ಅಂಟು ಸಡಿಲವಾಗುತ್ತದೆ. ಇದಕ್ಕಿಂತ ಮೋಸದ್ದು ಪಾಲಿಯೂರಿಥೇನ್ ನಡುಹಾಸಿನ ಅವಸಾನ. ಗಾಳಿಯ ತೇವವೂ ಶಾಖವೂ ಸೇರಿ ಅದರ ರಾಸಾಯನಿಕ ಕೊಂಡಿಗಳನ್ನು ನಿಧಾನವಾಗಿ ಮುರಿಯುತ್ತವೆ. ಹೊರಗೆ ಏನೂ ಕಾಣಿಸುವುದಿಲ್ಲ. ಐದಾರು ವರ್ಷ ಪೆಟ್ಟಿಗೆಯಲ್ಲಿ ಜೋಪಾನವಾಗಿಟ್ಟ ಶೂ ಬೆಟ್ಟದ ಅರ್ಧದಾರಿಯಲ್ಲಿ ಒಣ ರಸ್ಕಿನಂತೆ ಪುಡಿಪುಡಿಯಾಗಿ, ಅಟ್ಟೆ ಕಳಚಿ ಕೈಗೆ ಬರುತ್ತದೆ. ಸುಮ್ಮನಿಟ್ಟ ಶೂವಿಗೇ ಇದು ಹೆಚ್ಚು. ತೊಡುತ್ತಿದ್ದರೆ ಹೆಜ್ಜೆ ಹೆಜ್ಜೆಗೂ ಫೋಮು ಹಿಂಡಿಕೊಂಡು ತೇವ ಹೊರಹೋಗುತ್ತದೆ ಎಂದು ತಯಾರಕರು ಹೇಳುತ್ತಾರೆ. ನಿತ್ಯ ತೊಡುವವರ ಪರವಾಗಿ ಇರುವ ಬಲವಾದ ವಾದ ಇದೊಂದೇ. ಈವಿಎ ಹೀಗೆ ಪುಡಿಯಾಗುವುದಿಲ್ಲ, ಬದಲಿಗೆ ತುಳಿದು ತುಳಿದು ಚಪ್ಪಟೆಯಾಗುತ್ತದೆ. ಅಟ್ಟೆಯ ಹಲ್ಲು ಇನ್ನೂ ಇದ್ದರೂ ಹಿಮ್ಮಡಿ, ಮೊಣಕಾಲು ನೋಯತೊಡಗಿದರೆ ನಡುಹಾಸು ಸತ್ತಿದೆ ಎಂದೇ ಅರ್ಥ.

ರಿಪೇರಿಗೆ ಹೋದಾಗ ಒಂದು ಎಚ್ಚರ ಬೇಕು. ರಸ್ತೆ ಬದಿಯ ಮರದ ಕೆಳಗೆ ಕೂತು ಚಪ್ಪಲಿ ದುರಸ್ತಿ ಮಾಡುವವರ ಕೈಕೆಲಸ ಕಡಿಮೆಯದಲ್ಲ. ಅವರು ಸಲ್ಯೂಷನ್ ಹಚ್ಚಿ, ಅದರ ಮೇಲೆ ನಂಬಿಕೆ ಸಾಲದೆ ಅಟ್ಟೆಯ ಸುತ್ತ ದಪ್ಪ ದಾರದಲ್ಲಿ ಹೊಲಿದೂ ಕೊಡುತ್ತಾರೆ. ಸಾಧಾರಣ ಶೂವಿಗೆ ಇದಕ್ಕಿಂತ ಗಟ್ಟಿ ಚಿಕಿತ್ಸೆ ಇಲ್ಲ. ವಾಟರ್‌ಪ್ರೂಫ್ ಶೂವಿನಲ್ಲಿ ಆ ಸೂಜಿ ಮೇಲ್ಮೈಯ ಜೊತೆ ಒಳಗಿನ ಪದರವನ್ನೂ ಚುಚ್ಚಿ ಹೋಗುವುದರಿಂದ, ಅಟ್ಟೆ ಉಳಿಯುತ್ತದೆ, ನೀರುತಡೆ ಹೋಗುತ್ತದೆ. ಬರೀ ಅಂಟು ಸಾಕು, ಹೊಲಿಗೆ ಬೇಡ ಎಂದು ಮೊದಲೇ ಹೇಳಬೇಕು. ನೀರುತಡೆ ಹೇಗೂ ಹೋಗಿದೆ ಎನ್ನುವ ಹಳೆಯ ಶೂವಾದರೆ ಧಾರಾಳವಾಗಿ ಹೊಲಿಸಬಹುದು. ಇನ್ನೊಂದು ವರ್ಷ ಒಣಹವೆಯಲ್ಲಿ ಬಾಳುತ್ತದೆ.

ಆರೈಕೆಯ ಪಾಠ ಚಿಕ್ಕದು. ಕೆಸರು ಒಣಗುವ ಮುನ್ನ ಬರೀ ನೀರಿನಲ್ಲಿ, ಮೆತ್ತನೆಯ ಬ್ರಶ್ಶಿನಿಂದ ತೊಳೆಯಬೇಕು. ಕರಾವಳಿ, ಮಲೆನಾಡಿನ ಜಂಬಿಟ್ಟಿಗೆಯ ಕೆಮ್ಮಣ್ಣು ಒಮ್ಮೆ ಕೂತರೆ ಬಣ್ಣ ಬಿಡುವುದಿಲ್ಲ. ವಾಷಿಂಗ್ ಮಷೀನಿಗೆ ಹಾಕಬಾರದು. ಒಳಹಾಸು ತೆಗೆದು, ನಾಲಗೆ ಮುಂದಕ್ಕೆ ಬಾಗಿಸಿ, ಹಳೆಯ ಪತ್ರಿಕೆ ತುರುಕಿ, ಅದು ತೇವ ಹೀರಿದಂತೆಲ್ಲ ಬದಲಿಸುತ್ತ ಗಾಳಿಯಾಡುವಲ್ಲಿ ಇಡಬೇಕು. ಮಳೆಗಾಲದಲ್ಲಿ ಬಚ್ಚಲೊಲೆಯ ಪಕ್ಕ ಬಟ್ಟೆ ಒಣಗಿಸುವ ಮನೆಗಳಲ್ಲಿ ಶೂವನ್ನೂ ಅಲ್ಲೇ ಇಡುವ ಆಸೆಯಾಗುತ್ತದೆ. ಆ ಕಾವಿಗೆ ಅಂಟು ಬಿಡುತ್ತದೆ, ತೊಗಲು ಸೆಟೆಯುತ್ತದೆ. ಎರಡು ಜೊತೆ ಇಟ್ಟುಕೊಂಡು ದಿನ ಬಿಟ್ಟು ದಿನ ತೊಟ್ಟರೆ ಎರಡೂ ಸೇರಿ ಬಾಳುವ ಕಾಲ, ಒಂದಾದ ಮೇಲೊಂದು ಸವೆಸಿದ್ದಕ್ಕಿಂತ ಹೆಚ್ಚು. ಬೆವರು ಆರಲು ಒಂದು ಪೂರ್ತಿ ದಿನ ಸಿಗುವುದೇ ಇದರ ಗುಟ್ಟು.

ರಕ್ತ ಹೀರುವ ಉಂಬಳದ ವಿಷಯ ಹೇಳದೆ ಮಲೆನಾಡಿನ ಶೂ ಪ್ರಸ್ತಾಪ ಮುಗಿಸುವಂತಿಲ್ಲ. ನೀರು ಹೊಗದ ಶೂವಿನೊಳಗೆ ಉಂಬಳ ಹೊಗದು ಎಂದು ನಂಬಿದವರು ಇದ್ದಾರೆ. ಅದು ಶೂ ತೂತು ಮಾಡಿಕೊಂಡು ಬರುವ ಪ್ರಾಣಿಯಲ್ಲ, ಮೇಲೆ ಹತ್ತಿ ಕಾಲುಚೀಲದ ಅಂಚಿನಿಂದ ಇಳಿಯುತ್ತದೆ. ನಾಲಗೆಯ ಮಡಿಕೆ ಬಟ್ಟೆ ಒಂದು ದಾರಿಯನ್ನು ಮುಚ್ಚುತ್ತದೆ, ಅಷ್ಟೆ. ಉಳಿದದ್ದಕ್ಕೆ ಒತ್ತು ನೇಯ್ಗೆಯ ಉದ್ದ ಕಾಲುಚೀಲವೋ, ಹಳಬರ ಹೊಗೆಸೊಪ್ಪು ಸುಣ್ಣವೋ ಬೇಕು.

ಇಷ್ಟನ್ನೂ ಕೂಡಿ ನೋಡಿದರೆ ಯಾರಿಗೆ ಈ ಶೂ ಹೊಂದುತ್ತದೆ ಎಂಬುದು ಊರಿನ ಹವೆಯ ಮೇಲೆ ನಿಂತಿದೆ. ವರ್ಷಕ್ಕೆ 1,000 ಮಿಲಿಮೀಟರಿನ ಆಸುಪಾಸಿನಲ್ಲಿ ಮಳೆ ಬೀಳುವ, ಸಂಜೆ ತಂಪಾಗುವ ಬೆಂಗಳೂರು, ಮೈಸೂರು, ಧಾರವಾಡಗಳಲ್ಲಿ ಜೂನ್‌ನಿಂದ ಜನವರಿವರೆಗೆ ಗಿಡ್ಡ ಕತ್ತಿನ ಹಗುರ ವಾಟರ್‌ಪ್ರೂಫ್ ಶೂ ನಿತ್ಯಕ್ಕೆ ಒದಗುತ್ತದೆ. ಇಬ್ಬನಿಯ ಹುಲ್ಲು, ತುಂತುರು ಮಳೆ, ರಸ್ತೆಯ ಗುಂಡಿ ಇವಕ್ಕೆಲ್ಲ ಅದು ಸಾಕು. ಚಳಿದೇಶಗಳಲ್ಲಿ ನೆಲೆಸಿದ ಕನ್ನಡಿಗರಿಗೆ ಕರಗುವ ಹಿಮದ ರಾಡಿಯಲ್ಲಿ ಇದಕ್ಕಿಂತ ಒಳ್ಳೆಯ ಸಂಗಾತಿ ಇಲ್ಲ. ಅದು ಹುಟ್ಟಿದ್ದೇ ಅಂಥ ಹವೆಗೆ. ಮಾರ್ಚ್‌ನಿಂದ ಮೇವರೆಗಿನ ಕಲಬುರಗಿ, ರಾಯಚೂರು, ಬಳ್ಳಾರಿಯ ಬಿಸಿಲಿನಲ್ಲಿ ಅದನ್ನು ತೊಡುವುದು ಕಾಲಿಗೆ ಶಿಕ್ಷೆ. ಅಲ್ಲಿಗೆ ಜಾಲರಿಯ ಶೂ ಅಥವಾ ಚಪ್ಪಲಿ. ಕರಾವಳಿಯ ಮತ್ತು ಘಟ್ಟದ ಮಳೆಗಾಲಕ್ಕೆ ಓಡಾಡುವವರಿಗೆ ನೀರು ಬಂದರೂ ಹರಿದುಹೋಗಿ ಬೇಗ ಒಣಗುವ ಪಟ್ಟಿಯ ಸ್ಯಾಂಡಲ್ ಸರಿ. ತೋಟ ಗದ್ದೆಗಳಲ್ಲಿ ದುಡಿಯುವವರಿಗೆ ಗಂಬೂಟೇ ಸರಿ, ಇಲಿಜ್ವರದ ರೋಗಾಣು ಕಾಲಿನ ಗಾಯದ ಮೂಲಕ ಒಳಸೇರುವ ಭಯವಿರುವಲ್ಲಿ ಅದು ಕಡ್ಡಾಯವೆಂದೇ ಹೇಳಬೇಕು.

ಕೊಳ್ಳುವವರು ಅಂಗಡಿಯಲ್ಲಿ ನಾಲ್ಕು ಪ್ರಶ್ನೆ ಕೇಳಿದರೆ ಸಾಕು: ನಡುಹಾಸು ಯಾವುದರದು, ನಾಲಗೆ ಎಲ್ಲಿಯವರೆಗೆ ಹೊಲಿದಿದೆ, ಒಂದು ಶೂ ಎಷ್ಟು ಗ್ರಾಂ, ತಯಾರಾದ ತಿಂಗಳು ಯಾವುದು. ಎರಡು ವರ್ಷ ಗೋದಾಮಿನಲ್ಲಿ ಕೂತ ಪಾಲಿಯೂರಿಥೇನ್ ಶೂ ಅರ್ಧ ಬೆಲೆಗೆ ಸಿಕ್ಕರೂ ಬೇಡ.